ಹೀರೋನ ಒದ್ದೆ ಅಂಗಿ

"ನಾನು ಮಧ್ಯದಲ್ಲಿ ಎದ್ದೋದ ಸಿನಿಮಾ ಇನ್ನೂ ಉಟ್ಟಿಲ್ಲ ಕಣ್ಲಾ."

ಹೆಮ್ಮಿಗೆಯ ಮರಿಯಯ್ಯ ಈ ಮಾತನ್ನು ನಲವತ್ತು ವರ್ಷಗಳಿಂದ ಹೇಳಿಕೊಂಡು ಬಂದಿದ್ದ. ಸಾಕ್ಷಿಯೂ ಇತ್ತು. ನರಸೀಪುರದ ಟೆಂಟಿಗೆ ಒಮ್ಮೆ ನಾಗರಹಾವು ನುಗ್ಗಿ, ಜನ ಡೇರೆ ಹರಿದುಕೊಂಡು ಓಡಿದಾಗ ಮರಿಯಯ್ಯ ಮಾತ್ರ ಕಾಲು ಮೇಲೆತ್ತಿಕೊಂಡು, ಇನ್ನೆರಡು ರೀಲು ಬಾಕಿ ಇದೆ, ಸುಮ್ಮನೆ ಕೂರು ಎಂದು ಹಾವಿಗೇ ಗದರಿದ್ದನಂತೆ. ಹಾವು ಶುಭಂ ಬೀಳುವವರೆಗೆ ಕೂತಿದ್ದು, ಆಮೇಲೆ ಹೆಂಗಸರ ಕಡೆಯ ಬಾಗಿಲಿನಿಂದ ಮರ್ಯಾದೆಯಾಗಿ ಹೊರಟುಹೋಯಿತು. ಹಾವು ಈಗ ಬದುಕಿಲ್ಲವಾದ್ದರಿಂದ ಕೇಳಿ ತಿಳಿಯುವಂತಿಲ್ಲ.

ಮರಿಯಯ್ಯ ಊರಿನ ನೀರುಗಂಟಿ. ಓವರ್‌ಹೆಡ್ ಟ್ಯಾಂಕಿನ ಬೀಗದ ಕೈ ಅವನ ಉಡಿದಾರದಲ್ಲಿ. ಬೆಳಗ್ಗೆ ಆರಕ್ಕೆ ಕೆಳಗಲ ಬೀದಿಗೆ, ಏಳಕ್ಕೆ ಮೇಗಲ ಬೀದಿಗೆ ವಾಲ್ವು ತಿರುಗಿಸುವುದು, ಪೈಪು ಸೋರಿದ ಕಡೆ ಸೈಕಲ್ ಟ್ಯೂಬು ಸುತ್ತುವುದು ಅವನ ಕೆಲಸ. ಸಿನಿಮಾ ನೋಡುವುದನ್ನೂ ಅವನು ಆ ಕೆಲಸದಿಂದಲೇ ಕಲಿತ. ಮೊದಲರ್ಧದಲ್ಲಿ ಸತ್ತ ಖಳನ ಕಡೆಯವನು ಕೊನೆಯ ಮದುವೆ ಊಟದಲ್ಲಿ ಎಲೆ ಹಾಕಿಕೊಂಡು ಕೂತಿದ್ದರೆ ಬೇರೆಯವರು ಸೀಟಿ ಹೊಡೆದು ನಗುತ್ತಿದ್ದರು. ಮರಿಯಯ್ಯನಿಗೆ ಸಮಾಧಾನವಾಗುತ್ತಿತ್ತು, ಪಾಪ, ಇವನಿಗೆ ಇನ್ನೊಂದು ದಿನದ ಕೆಲಸ ಸಿಕ್ಕಿದೆ ಎಂದು. ಸೋರದ ಪೈಪು ಯಾವ ಊರಲ್ಲಿದೆ, ನೀರು ಬಂತೋ ಇಲ್ಲವೋ ಅಷ್ಟು ನೋಡಬೇಕು ಎನ್ನುವುದು ಅವನ ವಾದ.

ಈ ವಾದಕ್ಕೆ ಎದುರುವಾದಿ ಅಂಗಡಿ ಶಿವಮೂರ್ತಿ. ಅವನು ಥಿಯೇಟರಿನ ಒಳಗೆ ಕಾಲಿಟ್ಟು ಹನ್ನೊಂದು ವರ್ಷವಾಗಿತ್ತು. ಆದರೂ ಅವನು ತೀರ್ಪು ಕೊಡದ ಸಿನಿಮಾ ಇರಲಿಲ್ಲ. ಶುಕ್ರವಾರ ಮಧ್ಯಾಹ್ನ ಫೋನಿನೊಳಗೆ ಯಾರೋ ಥಿಯೇಟರಿನ ಮುಂದೆ ನಿಂತು ಕಿರುಚಿದ್ದನ್ನು ಕೇಳಿ, ಸಂಜೆ ಅಂಗಡಿಯ ಕಲ್ಲುಬೆಂಚಿನ ಮೇಲಿದ್ದ ಏಳು ಜನಕ್ಕೆ ಸ್ಟಾರು ಹಂಚುತ್ತಿದ್ದ. ಹೆಂಡತಿ ಮಾಡಿದ ಉಪ್ಪಿಟ್ಟಿಗೂ ಒಮ್ಮೆ ಎರಡೂವರೆ ಸ್ಟಾರು ಕೊಟ್ಟ. ಅಲ್ಲಿಂದ ಒಂದು ತಿಂಗಳು ಅವನು ಬಿಸ್ಕತ್ತು ತಿಂದೇ ಬದುಕಿದ.

ಎರಡು ವರ್ಷದ ಹಿಂದೆ ಹೆಮ್ಮಿಗೆಗೇ ಸಿನಿಮಾದವರು ಬಂದರು. ಬಾಯಾರಿದ ಹೀರೋ ಬಸ್ಸಿಳಿದು, ಬೀದಿ ನಲ್ಲಿಯ ಹತ್ತಿರ ಬೊಗಸೆ ಒಡ್ಡಬೇಕು, ಹಳ್ಳಿಯ ಹೆಂಗಸೊಬ್ಬಳು ಬಿಂದಿಗೆಯಿಂದ ನೀರು ಹುಯ್ಯಬೇಕು. ನಿಂತಿದ್ದ ಹೆಂಗಸರಲ್ಲಿ ಅವರು ಆರಿಸಿದ್ದು ಮರಿಯಯ್ಯನ ಹೆಂಡತಿ ಪುಟ್ಟಮಾದಮ್ಮನನ್ನು. ಸಿನಿಮಾ ಎಂದರೆ ಸವತಿ ಎನ್ನುತ್ತಿದ್ದ ಹೆಂಗಸು ಅವಳು. ಗಂಡನಿಗಾಗಿ ಕಾದು ಕಾದು ಆರಿದ ಮುದ್ದೆಗಳನ್ನು ಸಾಲಾಗಿ ಇಟ್ಟಿದ್ದರೆ ಹೆಮ್ಮಿಗೆಯಿಂದ ನರಸೀಪುರಕ್ಕೆ ಇನ್ನೊಂದು ಸೇತುವೆಯೇ ಆಗುತ್ತಿತ್ತು. ಅವಳು ಮುಖ ಗಂಟಿಕ್ಕಿಕೊಂಡೇ ನೀರು ಹುಯ್ದಳು. ಹೀರೋ ಗಟಗಟ ಕುಡಿದ. ಯಾರೂ ಹೇಳಿಕೊಡದೆ ಅವಳ ಬಾಯಿಂದ ಮಾತು ಬಂತು: "ನಿದಾನಕ್ಕೆ ಕುಡಿ ಮಗ, ನೆತ್ತಿಗತ್ತದೆ." ಡೈರೆಕ್ಟರಿಗೆ ಆ ಮಾತು ಬಹಳ ಹಿಡಿಸಿತು. ಆದರೆ ಹೀರೋನಿಗೆ ನಗು ಬಂದು ನೀರು ಮೂಗಿಗೇರಿತು, ಅಂಗಿಯೆಲ್ಲ ತೊಯ್ದುಹೋಯಿತು. ಹನ್ನೊಂದು ಸಲ ತೆಗೆದರು. ಹನ್ನೊಂದು ಸಲವೂ ಮರಿಯಯ್ಯ ವಾಲ್ವು ತಿರುಗಿಸಿದ. ಟ್ಯಾಂಕು ಬರಿದಾಯಿತು, ಅದೇ ಹೊತ್ತಿಗೆ ಕರೆಂಟೂ ಹೋಯಿತು.

ಅವತ್ತು ಪಿತೃಪಕ್ಷದ ಹಬ್ಬ ಎಂಬುದನ್ನು ಅವನು ಮರೆತಿದ್ದ. ಮನೆಮನೆಯಲ್ಲೂ ಹಿರಿಯರಿಗೆ ಎಡೆ ಇಡುವ ದಿನ, ಊರಲ್ಲಿ ಒಂದು ಚೆಂಬು ನೀರಿಲ್ಲ. ಎಡೆ ಉಂಡ ಸತ್ತ ಹಿರಿಯರೆಲ್ಲ ಕೈತೊಳೆಯಲು ಸಾಲುಗಟ್ಟಿ ಹೊಳೆಗೆ ಹೋದರು ಎಂದು ಊರು ಆಡಿಕೊಂಡಿತು. ಪಂಚಾಯ್ತಿ ನೋಟಿಸು ಕೊಟ್ಟಿತು. ನೋಟಿಸನ್ನು ಊರು ಮರೆಯಿತು, ಹಿರಿಯರ ಎಂಜಲು ಕೈಯನ್ನು ಮರೆಯಲಿಲ್ಲ.

ಈ ವರ್ಷ ಸಿನಿಮಾ ಬಿಡುಗಡೆಯಾಯಿತು. ನರಸೀಪುರದಲ್ಲಿ ಹಾಕಲಿಲ್ಲ, ನಂಜನಗೂಡಿನಲ್ಲಿ ಒಂದೇ ಕಡೆ, ದಿನಕ್ಕೆ ಒಂದೇ ಆಟ. ಮೊದಲ ದಿನವೇ ನೋಡಿದ ನೆಂಟನೊಬ್ಬ ಫೋನು ಮಾಡಿ ಪುಟ್ಟಮಾದಮ್ಮ ಚೆನ್ನಾಗಿ ಕಾಣುತ್ತಾಳೆ, ಮಾತೂ ಕೇಳುತ್ತದೆ ಎಂದ. ಮೊದಲ ಆಟ ಎಂದೂ ಬಿಡದ ಮರಿಯಯ್ಯ ಈ ಸಲ ತಾನಾಗಿ ಬಿಟ್ಟಿದ್ದ. ಹೆಂಡತಿಯ ಪಕ್ಕದಲ್ಲಿ ಕೂತೇ ನೋಡಬೇಕು ಎಂಬುದು ಅವನ ಆಸೆ. ನಲವತ್ತು ವರ್ಷ ತಾನು ಎಲ್ಲಿಗೆ ಹೋಗುತ್ತಿದ್ದೆ, ಯಾಕೆ ಹೋಗುತ್ತಿದ್ದೆ ಎಂಬುದು ಅವಳಿಗೆ ಒಂದು ಸಲವಾದರೂ ತಿಳಿಯಬೇಕಿತ್ತು. ಅವಳು ಮೂರು ದಿನ ಒಲ್ಲೆ ಎಂದಳು. ನಾಲ್ಕನೆಯ ದಿನ ಶೂಟಿಂಗಿನಲ್ಲಿ ಉಟ್ಟಿದ್ದ ಹಸಿರು ಸೀರೆಯನ್ನೇ ಒಗೆದು ಮಡಿಸಿಟ್ಟಳು. ಜನಕ್ಕೆ ಗುರುತು ಸಿಗಲಿ ಎಂದು.

ಅಷ್ಟರಲ್ಲಿ ಫೋನುಗಳೆಲ್ಲ ಸೇರಿ ಸಿನಿಮಾವನ್ನು ಹರಿದು ತೋರಣ ಕಟ್ಟಿದ್ದವು. ಶಿವಮೂರ್ತಿ ಅರ್ಧ ಸ್ಟಾರು ಕೊಟ್ಟ, ಅದೂ ಹೆಮ್ಮಿಗೆಯ ಹೆಸರಿಗೆ. ಬುಧವಾರ ಗಂಡ ಹೆಂಡತಿ ನಂಜನಗೂಡಿಗೆ ಹೋದರೆ, ಹತ್ತು ಜನ ಇಲ್ಲದೆ ಆಟ ಹಾಕುವುದಿಲ್ಲ ಎಂದು ಗೇಟಿನ ಮಾದಯ್ಯ ವಾಪಸು ಕಳಿಸಿದ. ಅಲ್ಲಿ ಇದ್ದವರು ಇವರಿಬ್ಬರು ಮತ್ತು ಬಿಸಿಲಿಗೆ ಒಳಗೆ ಬಂದ ಒಂದು ನಾಯಿ. ಗುರುವಾರವೇ ಕೊನೆಯ ದಿನ.

ಮರಿಯಯ್ಯ ಅಂಗಡಿಯ ಮುಂದೆ ನಿಂತು ಜನ ಬೇಡಿದ. ಇನ್ನೂ ಎಂಟು ತಲೆ ಬೇಕಿತ್ತು. ಶಿವಮೂರ್ತಿ ಫೋನಿನಿಂದ ತಲೆ ಎತ್ತದೆ ಒಪ್ಪಿಕೊಂಡ. ತಾನೂ ಬರುತ್ತೇನೆ, ಬೆಂಚಿನ ಏಳೂ ಜನರನ್ನು ಕರೆತರುತ್ತೇನೆ, ಆದರೆ ಒಂದು ಕರಾರು: ಮರಿಯಯ್ಯ ಮಧ್ಯದಲ್ಲಿ ಎದ್ದರೆ ಇನ್ನು ಸಾಯುವ ತನಕ ಈ ಬೆಂಚಿನ ಮೇಲೆ ಸಿನಿಮಾದ ಸೊಲ್ಲೆತ್ತಬಾರದು. ಮರಿಯಯ್ಯ ನಕ್ಕುಬಿಟ್ಟ. ಹಾವಿಗೇ ಏಳದವನು ಅವನು. ಬೆಂಚಿನವರೂ ನಕ್ಕರು. ಅವರ ನಗು ಒಂಚೂರು ಉದ್ದವಾಯಿತು, ಮರಿಯಯ್ಯನಿಗೆ ಅದು ಗಮನಕ್ಕೆ ಬರಲಿಲ್ಲ.

ಗುರುವಾರ ಹತ್ತು ತಲೆಯೂ ಸೇರಿದವು. ದೀಪ ಆರಿತು. ಪುಟ್ಟಮಾದಮ್ಮ ಸೀರೆಯ ಸೆರಗು ಸರಿಮಾಡಿಕೊಂಡು, ಪರದೆಯವರೇ ತನ್ನನ್ನು ನೋಡುತ್ತಾರೇನೋ ಎಂಬಂತೆ ನೆಟ್ಟಗೆ ಕೂತಳು. ಮೊದಲರ್ಧದಲ್ಲಿ ಹೀರೋನ ಮೀಸೆ ಎರಡು ಸಲ ದಪ್ಪವಾಗಿ ಮೂರು ಸಲ ಸಣ್ಣಗಾಯಿತು. ಮರಿಯಯ್ಯ ಅವಳ ಕಿವಿಯಲ್ಲಿ ಎಲ್ಲವನ್ನೂ ವಿವರಿಸಿದ. ಇಂಟರ್‌ವಲ್ ಆದಮೇಲೆ ಬಸ್ಸು ಬಂತು. ಹಿಂದೆ ಅವನ ಟ್ಯಾಂಕು ಕಂಡಿತು. ಅವನು ಹೆಂಡತಿಯ ಕೈ ಹಿಡಿದ, ಮದುವೆಯಾದಮೇಲೆ ಜನರೆದುರು ಮೊದಲ ಸಲ. ಹೀರೋ ಬಸ್ಸಿಳಿದು, ಒಣ ತುಟಿ ನೆಕ್ಕಿಕೊಂಡು, ನಲ್ಲಿಯ ಕಡೆ ಎರಡು ಹೆಜ್ಜೆ ಇಟ್ಟ.

ಮರುಕ್ಷಣ ಅವನು ಮೈಯೆಲ್ಲ ತೊಯ್ದುಕೊಂಡು ಗದ್ದೆಯಲ್ಲಿ ಕುಣಿಯುತ್ತಿದ್ದ. ನಲ್ಲಿ ಇಲ್ಲ, ಬಿಂದಿಗೆ ಇಲ್ಲ, ಹಸಿರು ಸೀರೆ ಇಲ್ಲ.

ಮರಿಯಯ್ಯ ಎದ್ದ. ಎದ್ದದ್ದು ಅವನಿಗೇ ತಿಳಿಯಲಿಲ್ಲ. ಕತ್ತಲಲ್ಲಿ ಎಡವಿಕೊಂಡು ಗೇಟಿಗೆ ಹೋಗಿ, ಮಧ್ಯದ ತುಂಡು ಎಲ್ಲಿ ಎಂದು ಮಾದಯ್ಯನ ಅಂಗಿ ಹಿಡಿದ. ಮಾದಯ್ಯ ನಿಧಾನವಾಗಿ ಕೈ ಬಿಡಿಸಿಕೊಂಡ.

"ಜನ ಬೋ ಉದ್ದ ಆಯ್ತು ಅಂತ ಬೈದ್ರಲ್ಲ, ಕಂಪನಿಯೋರು ಮಂಗಳವಾರನೇ ಇಪ್ಪತ್ತೆರಡು ನಿಮಿಷ ಟ್ರಿಮ್ ಮಾಡವ್ರೆ ಕಣಣ್ಣ. ಈಗೇನು ರೀಲಾ, ನಮ್ ಕೈಲಿ ಏನೂ ಇಲ್ಲ."

ಮರಿಯಯ್ಯ ಹಿಂದಿರುಗಿದಾಗ ಅವನ ಮುಖಕ್ಕೆ ಬೆಳಕು ಬಿತ್ತು. ಶಿವಮೂರ್ತಿಯ ಫೋನು, ಅವನು ಎದ್ದಾಗಿನಿಂದಲೂ ವೀಡಿಯೋ ತೆಗೆಯುತ್ತಿತ್ತು. ಏಳು ಜನ ಚಪ್ಪಾಳೆ ತಟ್ಟಿದರು.

"ಎದ್ಬುಟ್ಟಲ್ಲ ಮರಿಯಣ್ಣ. ಟ್ರಿಮ್ಮಿನ ಇಸ್ಯ ನಾನು ಮಂಗಳವಾರವೇ ಓದಿದ್ದೆ. ನಮ್ಮ ಇರಿಯರು ನೀರಿಲ್ದೆ ಒಂಟೋದ್ರು, ಈಗ ನಿನ್ ಈರೋನೂ ಒಂಟೋದ."

ಮರಿಯಯ್ಯ ಹೆಂಡತಿಯ ಪಕ್ಕ ಕೂತ. ನಡೆದದ್ದನ್ನು ಹೇಳಿದ. ಅವಳು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು. ಹಾಡು ಮುಗಿದು ಫೈಟು ಶುರುವಾದರೂ ಹೀರೋನ ಅಂಗಿ ಒಣಗಿರಲಿಲ್ಲ. ಮಳೆಯಿಲ್ಲ, ಹೊಳೆಯಿಲ್ಲ, ಇವನು ಎಲ್ಲಿ ಬಿದ್ದು ಬಂದ ಎಂದು ಬೆಂಚಿನವರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಪುಟ್ಟಮಾದಮ್ಮ ಗಂಡನ ಕಡೆ ವಾಲಿದಳು.

"ಆ ಅಂಗಿ ನೆನೆಸಿದ್ದು ನಾನೇ ಅಲ್ವಾ?"

"ನೀನೇ ಕಣಮ್ಮಿ."

"ಅಂಗಾರೆ ಪೂರ್ತಿ ನೋಡ್ಕಂಡೇ ಓಗಾನ, ಕೂತ್ಕೊ."

ಕೊನೆಯ ಹೆಸರು ಹರಿದು ಮುಗಿಯುವವರೆಗೂ ಇಬ್ಬರೂ ಕೂತಿದ್ದರು. ಹೊರಗೆ ಬಂದಾಗ ಮರಿಯಯ್ಯ ಎದ್ದ ದೃಶ್ಯ ಅವನಿಗಿಂತ ಮೊದಲೇ ಹೆಮ್ಮಿಗೆ ಸೇರಿ, ಸೋಸಲೆ ದಾಟಿ, ಮೂಗೂರಿನಲ್ಲಿ ಯಾರದೋ ಫೋನಿನಲ್ಲಿ ಮೂರನೇ ಸಲ ಏಳುತ್ತಿತ್ತು. ಬಸ್‌ಸ್ಟ್ಯಾಂಡಿನಲ್ಲಿ ಶಿವಮೂರ್ತಿ ಎಲ್ಲರಿಗೂ ಕೇಳುವಂತೆ ಕರಾರು ನೆನಪಿಸಿದ. ಇನ್ನು ಬೆಂಚಿನ ಮೇಲೆ ಸಿನಿಮಾದ ಮಾತಿಲ್ಲ, ಒಪ್ಪಿಗೆ ತಾನೆ ಎಂದ.

ಮರಿಯಯ್ಯ ಹೆಂಡತಿಯನ್ನು ಮೊದಲು ಬಸ್ಸು ಹತ್ತಿಸಿ, ಫುಟ್‌ಬೋರ್ಡಿನ ಮೇಲೆ ನಿಂತು ತಿರುಗಿದ.

"ಒಪ್ಪಿದೆ ಕಣಪ್ಪ. ಸಿನಿಮಾ ಇಸ್ಯ ಎತ್ತಕಿಲ್ಲ, ನಿನ್ ಇಸ್ಯವೇ ಮಾತಾಡ್ತೀನಿ. ಇಪ್ಪತ್ತೆರಡು ನಿಮಿಷ ಕುಯ್ದಾಕುದ್ರೂ ಅದು ಎರಡು ಗಂಟೆ ಓಡ್ತು ಕಣ್ಲಾ ಶಿವಮೂರ್ತಿ. ನಿನ್ನಲ್ಲಿ ಬ್ಯಾಡದ್ದನ್ನೆಲ್ಲ ಕುಯ್ದಾಕುದ್ರೆ ಉಳಿಯಾದು ಒಂದ್ ಜೊತೆ ಚಪ್ಲಿ, ಅದೂ ನಿನ್ ಎಂಡ್ರು ತಗ್ದುಕೊಟ್ಟಿದ್ದು."