ರುಚಿ ನೋಡದವರಿಗೊಂದು ಕೈಪಿಡಿ

ಸೋಮವಾರದ ದಿನ ನಮ್ಮ ಮನೆಯಲ್ಲಿ ಊಟದ ತಟ್ಟೆಗಳ ನಡುವೆ ಒಂದು ಉಪ್ಪಿನ ಬಟ್ಟಲು ಬಂದು ಕೂರುತ್ತದೆ. ಮಿಕ್ಕ ಆರು ದಿನ ಅದರ ಸುಳಿವಿಲ್ಲ. ನೀವು ಆವತ್ತೇ ಊಟಕ್ಕೆ ಬಂದವರಾದರೆ, ಹೊಳಲ್ಕೆರೆಯ ಕಡೆ ಇದೊಂದು ಸಂಪ್ರದಾಯವಿರಬೇಕೆಂದು ಗೌರವದಿಂದ ಒಂದು ಚಿಟಿಕೆ ತೆಗೆದುಕೊಂಡೀರಿ. ಸಂಪ್ರದಾಯ ಬಟ್ಟಲಿನದಲ್ಲ, ಈಶ್ವರನಿಗೆ ಎಡೆ ಹಿಡಿಯುವ ತನಕ ಅಡುಗೆ ಮಾಡಿದವಳು ತಾನು ಮಾಡಿದ್ದನ್ನು ನಾಲಿಗೆಗೆ ತಾಕಿಸುವಂತಿಲ್ಲ ಎಂಬುದು ಸಂಪ್ರದಾಯ. ಹಾಗಾಗಿ ನನ್ನ ಸೋಮವಾರದ ಸಾರು ಒಂದು ವಾರ ಸಪ್ಪೆ, ಇನ್ನೊಂದು ವಾರ ಸಮುದ್ರ. ಸಪ್ಪೆಗೆ ಬಟ್ಟಲು ಪರಿಹಾರ, ಸಮುದ್ರಕ್ಕೆ ಮೌನ. ಮೂವತ್ತು ವರ್ಷಗಳಲ್ಲಿ ದೇವರು ಒಮ್ಮೆಯೂ ತಟ್ಟೆ ಹಿಂದಕ್ಕೆ ಕಳಿಸಿಲ್ಲ. ಅದು ಅವನ ಕರುಣೆ. ನಮ್ಮ ಯಜಮಾನರೂ ಕಳಿಸಿಲ್ಲ. ಅದು ಹಸಿವಿನ ಕರುಣೆ. ಎರಡನ್ನೂ ನಾನು ಲೆಕ್ಕಕ್ಕೆ ಹಿಡಿದಿದ್ದೇನೆ.

ಈ ಬಟ್ಟಲಿನ ವಿಷಯ ಎತ್ತಿದ್ದಕ್ಕೆ ಕಾರಣ ನನ್ನ ಸೊಸೆ ರೂಪಾಳ ನೌಕರಿ. ಅವಳು ನಡುಮನೆಯಲ್ಲಿ ಕೂತೇ ದೂರದ ಕಂಪನಿಯೊಂದಕ್ಕೆ ಬರವಣಿಗೆ ಮಾಡಿಕೊಡುತ್ತಾಳೆ. ಮೇಲ್ ಕಳಿಸುವ ಮೊದಲು ಅದು ಓದುವವರ ಫೋನಿನಲ್ಲಿ, ಕಂಪ್ಯೂಟರಿನಲ್ಲಿ ಹೇಗೆ ಕಂಡೀತೆಂದು ತೋರಿಸುವ ಒಂದು ಸಾಧನವಿದೆಯಂತೆ, ಮುನ್ನೋಟ ಎನ್ನಿ. ಅದನ್ನು ಬಳಸುವ ಕ್ರಮ ತಿಳಿಸುವ ಕೈಪಿಡಿ ಬರೆಯುವ ಕೆಲಸ ಅವಳ ಪಾಲಿಗೆ ಬಂದಿತ್ತು. ವಿಚಿತ್ರವೆಂದರೆ ಅದನ್ನು ಓದಿಕೊಳ್ಳುವುದು ಮನುಷ್ಯರಲ್ಲ, ಎಐ ಏಜೆಂಟ್ ಎಂಬ, ಹೇಳಿದ ಕೆಲಸವನ್ನು ತಾನೇ ಮಾಡಿ ಮುಗಿಸುವ ಯಂತ್ರಬುದ್ಧಿ. ಹೇಳಿದ್ದನ್ನು ಅರ್ಧ ಕೇಳಿಸಿಕೊಂಡು ಎದ್ದು ಹೋಗುವವರ ನಡುವೆಯೇ ಆಯುಷ್ಯ ಸವೆಸಿದ ನನಗೆ, ಕೊನೆಯ ಅಕ್ಷರದ ತನಕ ಓದುವ ಓದುಗನನ್ನು ಪಡೆದ ಸೊಸೆಯ ಮೇಲೆ ಸಣ್ಣ ಅಸೂಯೆಯೇ ಹುಟ್ಟಿತು.

ಆದರೆ ಅವಳ ಮುಖದಲ್ಲಿ ಆ ಸಂತೋಷವಿರಲಿಲ್ಲ. ಶುಕ್ರವಾರದೊಳಗೆ ಕೈಪಿಡಿ ಒಪ್ಪಿಸಬೇಕು, ಅದು ಸರಿಬಂದರೆ ಮಾತ್ರ ಕೆಲಸ ಖಾಯಂ. ಇಲ್ಲವಾದರೆ ಎರಡು ವರ್ಷದ ಮಗಳು ಕಣ್ಣು ಬಿಡುವ ಮೊದಲೇ ದಾವಣಗೆರೆಯ ಬಸ್ಸು ಹತ್ತುವ ಹಳೆಯ ನೌಕರಿಗೇ ಮರಳಬೇಕು. ಬುಧವಾರ ಪರೀಕ್ಷೆಗೆಂದು ಬೇಕಂತಲೇ ಕೆಡಿಸಿದ ಮೂರು ಮೇಲ್‌ಗಳನ್ನು ಏಜೆಂಟಿನ ಮುಂದಿಟ್ಟಳು. ಒಂದರಲ್ಲಿ ಚಿತ್ರವೇ ಬಂದಿರಲಿಲ್ಲ. ಇನ್ನೊಂದರಲ್ಲಿ ಒತ್ತಬೇಕಾದ ಬಟನ್ನು ಫೋನಿನ ಅಂಚು ದಾಟಿ ಹೋಗಿತ್ತು. ಮೂರನೆಯದು ‘ಪ್ರಿಯ ಗ್ರಾಹಕರ ಹೆಸರು ಇಲ್ಲಿ ಬರೆಯಿರಿ ಅವರೇ’ ಎಂದು ಭಕ್ತಿಯಿಂದ ಆರಂಭವಾಗಿತ್ತು. ಏಜೆಂಟು ಮೂರನ್ನೂ ನೋಡಿ, ಬಹಳ ಚೆನ್ನಾಗಿವೆ ಎಂದು ಹೇಳಿ, ಕಳಿಸಲು ಹೊರಟಿತು.

‘ಇಷ್ಟು ಬಿಡಿಸಿ ಬರ್ದಿದೀನಿ ಅತ್ತೆ, ಇದುಕ್ಕೆ ಏನ್ ಬಂದೈತೆ?’ ಎಂದಳು. ‘ನೀವಾರ ಕೇಳ್ರಿ. ನಿಮಗೆ ತಿಳಿದ್ರೆ ಅದುಕ್ಕೂ ತಿಳಿಬೋದು.’

‘ನನ್ನ ಅದ್ರ ಜೊತೆ ತಕ್ಕಡಿಗೆ ಹಾಕ್ತೀಯೇನೇ?’ ಎಂದೆ, ಆದರೂ ಅವರೆಕಾಯಿ ಬಿಡಿಸುತ್ತ ಕೂತೆ. ಅವಳು ಇಂಗ್ಲಿಷಿನದನ್ನು ಕನ್ನಡ ಮಾಡಿ ಓದಿದಳು: ಮುನ್ನೋಟವನ್ನು ತೆರೆದು, ಮೇಲ್ ಚೆನ್ನಾಗಿ ಕಂಡರೆ, ಎಲ್ಲವೂ ಹದವಾಗಿದ್ದರೆ, ಮುಂದುವರಿಸು.

ಹದ ಎಂಬ ಮಾತು ಕಿವಿಗೆ ಬಿದ್ದದ್ದೇ ನನ್ನ ಕೈ ನಿಂತಿತು. ಅವಳು ಹಿರಿಯೂರಿನಿಂದ ಮದುವೆಯಾಗಿ ಬಂದ ಹೊಸದರಲ್ಲಿ ನಾನು, ಮಾಡದಕೆರೆಯಲ್ಲಿ ಹುಟ್ಟಿ ಬೆಳೆದವಳಿಗೆ ಬಂಡೆ ಹತ್ತುವುದೊಂದು ದೊಡ್ಡದೇ ಎಂದು, ನೋಡಲು ಹೋದ ಚಂದ್ರವಳ್ಳಿಯಲ್ಲಿ ಸೆರಗು ಸಿಕ್ಕಿಸಿ ಹತ್ತಿ, ಜಾರಿ, ಮಣಿಕಟ್ಟು ಮುರಿದುಕೊಂಡಿದ್ದೆ. ಆ ಸೋಮವಾರ ಅಡುಗೆ ಅವಳದಾಯಿತು. ನಾನು ಮಂಚದ ಮೇಲಿಂದಲೇ ‘ಉಪ್ಪು ಹದವಾಗಿ ಹಾಕು, ಬಾಯಿಗ್ ಮಾತ್ರ ಇಟ್ಕಬ್ಯಾಡ’ ಎಂದು ಅಪ್ಪಣೆ ಕೊಡಿಸಿದೆ. ಪಾಪ, ಆ ಮಗು ಹೆದರಿ ಎರಡು ಸಲ ಉಪ್ಪು ಹಾಕಿತು. ಊಟಕ್ಕೆ ಕೂತ ನೆಂಟರ ಮುಂದೆಯೇ ‘ನಿಮ್ಮ ಮನೇಲಿ ಸಾರು ಮಾಡಾದು ಕಲಿಸಿಲ್ವೇನವ್ವ?’ ಎಂದುಬಿಟ್ಟೆ. ಅವಳು ತಲೆ ತಗ್ಗಿಸಿ ಬಡಿಸಿದಳು. ಆಮೇಲೆ ಆ ಮಾತು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ನಾಲಿಗೆಯನ್ನು ಕಟ್ಟಿಹಾಕಿ ಹದ ಕೇಳಿದ ತಪ್ಪು ಯಾರದೆಂದು ನನಗೆ ಹೊಳೆಯಲು ಇಷ್ಟು ವರ್ಷವೂ, ಒಂದು ಯಂತ್ರವೂ ಬೇಕಾಯಿತು.

‘ಅದುಕ್ಕೆ ನಾಲಿಗೆ ಇಲ್ಲ ಕಣೆ’ ಎಂದೆ. ‘ಚೆನ್ನಾಗೈತಾ ಅಂತ ಕೇಳ್ಬ್ಯಾಡ. ಏನೇನ್ ಐತೆ, ಏನೇನ್ ಇಲ್ಲ, ಅಷ್ಟು ಎಣಿಸಿ ಹೇಳಕ್ಕೆ ಹೇಳು.’ ಕಾಯಿ ಬಿಡಿಸುತ್ತಲೇ, ಬುಟ್ಟಿಯನ್ನೇ ನೋಡುತ್ತ ಉಳಿದದ್ದನ್ನೂ ಹೇಳಿದೆ: ‘ಅವತ್ತು ನಿನಗೂ ನಾನು ಹಂಗೇ ಮಾಡ್ದೆ. ತಪ್ಪು ಉಪ್ಪಿಂದೂ ಅಲ್ಲ, ನಿಂದೂ ಅಲ್ಲ.’

ರೂಪಾ ಒಂದು ಹಿಡಿ ಕಾಯಿ ತೆಗೆದುಕೊಂಡು ಬಿಡಿಸಿ, ಎದ್ದು ಹೋಗಿ ಬರೆಯತೊಡಗಿದಳು. ಚಿತ್ರದ ಜಾಗದಲ್ಲಿ ಚಿತ್ರವಿದೆಯೇ, ಹೆಸರಿನ ಜಾಗದಲ್ಲಿ ಹೆಸರೇ ಇದೆಯೇ, ಬಟನ್ನು ಅಂಚಿನೊಳಗಿದೆಯೇ. ಮುನ್ನೋಟ ತೆಗೆದ ಮಾತ್ರಕ್ಕೆ ಕಳಿಸಿದಂತಲ್ಲ. ಸಂದೇಹ ಬಂದರೆ ನಿಲ್ಲು, ಕಂಡದ್ದನ್ನು ತಿಳಿಸಿ ನನ್ನನ್ನು ಕರೆ. ಗುರುವಾರ ಏಜೆಂಟು ಕೆಟ್ಟ ಮೂರನ್ನೂ ಹಿಡಿದು ನಿಲ್ಲಿಸಿತು. ಹುರುಪಿನಲ್ಲಿ, ಚಿತ್ರವೇ ಬೇಡದ ಒಂದು ಒಳ್ಳೆಯ ಮೇಲನ್ನೂ ಚಿತ್ರವಿಲ್ಲವೆಂದು ನಿಲ್ಲಿಸಿತು. ಅದಕ್ಕೊಂದು ಸಾಲು ಸೇರಿತು. ಶುಕ್ರವಾರ ಕೈಪಿಡಿ ಹೋಯಿತು. ಸೋಮವಾರ ಬೆಳಿಗ್ಗೆ, ನಾನು ಬೇಳೆ ತೊಳೆಯುತ್ತಿದ್ದಾಗ, ಖಾಯಂ ಮಾಡಿದ ಸುದ್ದಿ ಬಂತು. ದಾವಣಗೆರೆಯ ಬಸ್ಸು ಅವಳಿಲ್ಲದೆಯೇ ಹೋಯಿತು. ಮೊಮ್ಮಗಳು ಎದ್ದು ಕಣ್ಣುಜ್ಜಿಕೊಂಡು ಬಂದಾಗ ತಾಯಿ ಮನೆಯಲ್ಲೇ ಇದ್ದಳು. ಅದನ್ನೂ ಲೆಕ್ಕಕ್ಕೆ ಹಿಡಿದೆ.

ಒಲೆಯ ಹತ್ತಿರ ನೋಡಿದರೆ, ಮಸಾಲೆ ಡಬ್ಬಿಯ ಮೇಲ್ಗಡೆ ಒಂದು ಚೀಟಿ ಅಂಟಿಸಿದೆ. ಇಂತಿಷ್ಟು ಲೋಟ ಬೇಳೆಗೆ ಇಂತಿಷ್ಟು ಚಮಚ ಉಪ್ಪು, ಚಮಚವೂ ಡಬ್ಬಿಯೊಳಗಿನ ಇದೇ, ತಲೆ ಸವರಿ ಸಮ ಮಾಡಿ ಹಾಕುವುದು. ಕೊನೆಯಲ್ಲಿ: ಸಂದೇಹ ಬಂದರೆ ನಿಲ್ಲಿಸಿ, ನನ್ನನ್ನು ಕರೆಯಿರಿ.

ಎಡೆ ಹಿಡಿದೆವು. ಊಟಕ್ಕೆ ಕೂತ ಯಜಮಾನರು ರೂಢಿಯಂತೆ ಬಟ್ಟಲಿಗೆ ಕೈ ಹಾಕಿ, ಒಂದು ತುತ್ತು ತಿಂದು, ತೆಗೆದ ಚಿಟಿಕೆಯನ್ನು ವಾಪಸು ಹಾಕಿದರು. ಬಟ್ಟಲನ್ನು ನಾನಿನ್ನೂ ಎತ್ತಿಟ್ಟಿಲ್ಲ. ಸೋಮವಾರ ಬಂದರೆ ಅದು ತನ್ನ ಜಾಗಕ್ಕೆ ಬಂದು ಕೂರುತ್ತದೆ, ಕೆಲಸವಿಲ್ಲದ ಹಿರಿಯರ ಹಾಗೆ. ಉಪ್ಪು ಹಾಕುವಾಗ ಈಗ ನನಗೆ ಸಂದೇಹವೇನೂ ಬರುವುದಿಲ್ಲ. ಆದರೂ ಚಮಚದ ತಲೆ ಸವರಿ, ಕೈ ನಿಲ್ಲಿಸಿ, ನಡುಮನೆಯ ಕಡೆ ಮುಖ ಮಾಡಿ ಒಂದು ಸಲ ಕೂಗುತ್ತೇನೆ: ‘ರೂಪಾ, ಒಂದೀಟು ಬಂದೋಗೆ.’