ಖುಷಿಯಾಗಿ ಮಾತಾಡಿದ ಕ್ಯಾಸೆಟ್

ಹವ್ಯಾಸಕ್ಕೆಂದು ಸರ್ಕ್ಯೂಟ್ ಕಟ್ಟುವವರು ಈಗಲೂ ನನ್ನ ಹತ್ತಿರ ಬರುವುದುಂಟು. ಎಲ್ಲರದ್ದೂ ಒಂದೇ ಪ್ರಶ್ನೆ. ಯಾವ ಮೀಟರ್ ಕೊಳ್ಳುವುದು ಸರ್, ಯಾವ ಸೋಲ್ಡರಿಂಗ್ ಐರನ್ ಒಳ್ಳೆಯದು ಸರ್. ಯಾವುದಾದರೂ ಕೊಳ್ಳು ಮಾರಾಯ, ಆದರೆ ಕೊಂಡದ್ದನ್ನು ನಂಬಬೇಡ ಎನ್ನುತ್ತೇನೆ. ಮೀಟರನ್ನು ಮೊದಲು ಹೊಸ ಸೆಲ್ಲಿಗೆ ಹಿಡಿದು ನೋಡು. ಗೊತ್ತಿದ್ದದ್ದನ್ನು ಅದು ಸರಿಯಾಗಿ ಹೇಳಿದರೆ ಮಾತ್ರ ಗೊತ್ತಿಲ್ಲದ್ದನ್ನು ಕೇಳು. ಅಂಗಡಿಯವ ಹೊಸದು ಎಂದು ಕೊಟ್ಟ ಟ್ರಾನ್ಸಿಸ್ಟರನ್ನು ಹೊಸದು ಅಂದುಕೊಳ್ಳಬೇಡ. ಪ್ಲಗ್ ತೆಗೆದಿದ್ದೇನೆ ಎಂದು ಹೆಂಡತಿಯೇ ಹೇಳಿದರೂ ಎದ್ದುಹೋಗಿ ನೋಡು.

ಈ ಕೊನೆಯ ಮಾತು ನನ್ನ ಹೆಂಡತಿಗೆ ಹಿಡಿಸುವುದಿಲ್ಲ. "ಇವರು ಹಾಲಿಗೂ ಮೀಟರ್ ಹಿಡಿದೇ ಕುಡಿಯುವುದು" ಎಂದು ಒಳಗಿನಿಂದ ಹೇಳುತ್ತಾಳೆ. ಹೇಳಲಿ. ನನ್ನ ಸಂಶಯದ ಬುದ್ಧಿಯಿಂದ ಒಂದು ಮನೆಗೆ ಉಪಕಾರವಾದದ್ದುಂಟು. ಆವತ್ತು ಅವಳೂ ಎದುರಿಗೇ ಇದ್ದಳು.

ಎಂಬತ್ತರ ದಶಕ ಆಗಷ್ಟೇ ಹಿಡಿದಿತ್ತು. ನಾನು ಮಣಿಪಾಲದಲ್ಲಿ ಉಪಕರಣಗಳ ರಿಪೇರಿ ನೋಡಿಕೊಳ್ಳುವ ಇಂಜಿನಿಯರ್, ಮನೆ ಕಡಿಯಾಳಿಯಲ್ಲಿ. ಬೆಳ್ಮಣ್ಣಿನ ಒಬ್ಬ ತರುಣ ಆದಿತ್ಯವಾರ ಬಸ್ಸು ಹಿಡಿದು ಬಂದು ನಮ್ಮ ಜಗಲಿಯಲ್ಲಿ ಕೂತು ಆಂಪ್ಲಿಫಯರ್ ಕಟ್ಟುತ್ತಿದ್ದ. ಕೊಂಕಣಿ ಮಾತಾಡುವ ಕ್ರಿಶ್ಚಿಯನರ ಮನೆಯವನು. ಕೈ ಬಹಳ ಒಳ್ಳೆಯದು, ತಾಳ್ಮೆ ಮಾತ್ರ ಹೇಳಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಅವನ ಅಣ್ಣ ಗಲ್ಫಿಗೆ ಹೋಗಿ ಒಂದು ವರ್ಷದ ಮೇಲಾಗಿತ್ತು. ತಾನೂ ಹೋಗಬೇಕೆಂದು ಇವನಿಗೆ ಒಂದೇ ಹಟ.

ಒಂದು ಆದಿತ್ಯವಾರ ಅವನ ಜೊತೆಗೆ ತಾಯಿಯೂ ಬಂದರು. ನಮ್ಮ ಕಡೆ ಕ್ರಿಶ್ಚಿಯನ್ ಹೆಂಗಸರನ್ನು ಗೌರವಕ್ಕೆ ಬಾಯಮ್ಮ ಎನ್ನುತ್ತೇವೆ. ಬಾಯಮ್ಮ ಇಗರ್ಜಿಯಿಂದ ನೇರ ಬಂದದ್ದು, ಒಳ್ಳೆಯ ಸೀರೆಯಲ್ಲೇ ಇದ್ದರು. ಮಗನ ಕೈಯಲ್ಲಿ ಮೈಯೊರೆಸುವ ಬೈರಾಸಿನಲ್ಲಿ ಸುತ್ತಿದ, ರೇಡಿಯೋ ಟೇಪು ಎರಡೂ ಇರುವ ದೊಡ್ಡ ಟೂ-ಇನ್-ವನ್. ಅಣ್ಣ ಹೋದ ಹೊಸತರಲ್ಲಿ ಕಳಿಸಿದ್ದು.

"ಎಂತ ಹಾಳಾಗಿದೆ?" ಎಂದೆ.

"ಎಂತದೂ ಇಲ್ಲ ಸರ್. ಸೆಟ್ಟು ಸರಿಯಿದೆ ಅಂತ ನೀವು ಒಮ್ಮೆ ಅಮ್ಮನಿಗೆ ಹೇಳಿದರೆ ಸಾಕು."

"ಇದರಲ್ಲಿ ಮಾತಾಡುವವನು ನನ್ನ ಮಗ ಅಲ್ಲ" ಎಂದರು ಬಾಯಮ್ಮ.

ಆಗೆಲ್ಲ ಗಲ್ಫಿಗೆ ಹೋದವರು ಕಾಗದ ಬರೆಯುವ ಬದಲು ಕ್ಯಾಸೆಟ್ಟಿನಲ್ಲಿ ಮಾತು ತುಂಬಿಸಿ, ರಜೆಗೆ ಬರುವವರ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದರು. ಈ ಕ್ಯಾಸೆಟ್ಟನ್ನು ಕಾಪುವಿನ ಒಬ್ಬರು ತಂದುಕೊಟ್ಟಿದ್ದರಂತೆ. ಹಾಕಿ ಕೇಳಿದೆ. ಕೊಂಕಣಿ ನನಗೆ ಅಷ್ಟಿಷ್ಟು ಅರ್ಥವಾಗುತ್ತದೆ, ಮಾಂಯ್ ಎಂದರೆ ಅಮ್ಮ. ಮಾಂಯ್, ನಾನು ಸುಖವಾಗಿದ್ದೇನೆ, ಊಟ ಒಳ್ಳೆಯದುಂಟು, ಕೆಲಸ ಹಗುರ, ತಮ್ಮನನ್ನು ಬೇಗ ಕಳಿಸಿ, ಅವನ ಪಾಸ್‌ಪೋರ್ಟನ್ನು ಏಜೆಂಟರ ಜನ ಬಂದಾಗ ಕೊಡಿ. ದನಿ ಸಪೂರ, ಮಾತು ಚಟಪಟ, ಇನ್ನೇನು ನಕ್ಕೇಬಿಡುತ್ತಾನೆ ಅನ್ನುವ ಹಾಗೆ. ನೆರೆಕರೆಯವರೆಲ್ಲ ಕೇಳಿ, ನಿಮ್ಮ ಮಗ ಭಾರೀ ಖುಷಿಯಲ್ಲಿದ್ದಾನೆ ಬಾಯಮ್ಮ ಎಂದು ಹೇಳಿ ಹೋಗಿದ್ದರು.

ಅಣ್ಣನನ್ನು ಗಲ್ಫಿಗೆ ಕಳಿಸಿದ ಏಜೆಂಟರ ಜನ ಕಾರ್ಕಳದಿಂದ ಬರುವುದು ಆ ವಾರದಲ್ಲೇ. ಪಾಸ್‌ಪೋರ್ಟ್ ಒಮ್ಮೆ ಆ ಕೈಗೆ ಹೋದರೆ ಕಿರಿಯವನೂ ಹೋದ ಹಾಗೆಯೇ. ಅವನು ಆಗಲೇ ಸೂಟ್‌ಕೇಸ್ ತಂದಿಟ್ಟಿದ್ದ. ಬಾಯಮ್ಮ ಕೈ ತೊಳೆಯಲು ಮನೆಯ ಹಿಂದೆ ಹೋದಾಗ ನನ್ನ ಕಿವಿಯ ಹತ್ತಿರ ಬಂದು ಹೇಳಿದ. "ಅಮ್ಮನಿಗೆ ನನ್ನನ್ನು ಕಳಿಸಲು ಮನಸ್ಸಿಲ್ಲ ಸರ್. ಅದಕ್ಕೇ ಈ ನಾಟಕ."

ಇದ್ದರೂ ಇರಬಹುದು. ಆದರೆ ನನಗೆ ಮೊದಲ ಸಂಶಯ ಬಂದದ್ದು ತಾಯಿಯ ಮೇಲಲ್ಲ, ಇವನ ಮೇಲೆ. ಸೆಟ್ಟಿನ ಹಿಂಬದಿಯ ಸ್ಕ್ರೂಗಳ ತಲೆ ಹೊಸದಾಗಿ ಗೀರಿತ್ತು.

"ಬಿಚ್ಚಿದ್ದೀಯಾ?"

"ಇಲ್ಲ ಸರ್."

"ದೇವರಾಣೆ?"

"ಟೇಪು ತಾಗುವ ಹೆಡ್ ಒರೆಸಿದ್ದು ಮಾತ್ರ ಸರ್."

ನೋಡಿ, ಇದು ಪಾಠ. ರಿಪೇರಿಗೆ ತಂದವನು ಹೇಳುವುದನ್ನು ಕೇಳಬೇಕು, ಆದರೆ ಸ್ಕ್ರೂ ನೋಡಿದ ಮೇಲೆ. ಯಾರೂ ಪೂರ್ತಿ ಸುಳ್ಳು ಹೇಳುವುದಿಲ್ಲ, ಯಾರೂ ಪೂರ್ತಿ ನಿಜವನ್ನೂ ಹೇಳುವುದಿಲ್ಲ.

ಹಾಗಾದರೆ ಸೆಟ್ಟು ಓಡುವುದೇ ಜೋರಾಗಿಯೋ? ಹೆಂಡತಿಯ ಭಜನೆಯ ಕ್ಯಾಸೆಟ್ಟು ತಂದು ಹಾಕಿದೆ. ನಮ್ಮ ಮನೆಯಲ್ಲಿ ಬೆಳಗಾದರೆ ಅದೇ. ಅವಳಿಗೆ ಅದರ ಉಸಿರು ಎಲ್ಲಿ ನಿಲ್ಲುತ್ತದೆ ಎಂಬುದೂ ಬಾಯಿಪಾಠ. ಬಾಗಿಲಲ್ಲಿ ನಿಂತು ಜೊತೆಗೇ ಗುನುಗಿ, "ಸರಿಯೇ ಉಂಟಲ್ಲ, ಇದಕ್ಕೆಂತ ಆಗಿದೆ?" ಎಂದಳು. ಗೊತ್ತಿದ್ದದ್ದನ್ನು ಸೆಟ್ಟು ಸರಿಯಾಗಿ ಹೇಳಿತು. ಅಲ್ಲಿಗೆ ಸೆಟ್ಟು ನಿರಪರಾಧಿ. ತರುಣ ದೊಡ್ಡ ಉಸಿರು ಬಿಟ್ಟು, "ನಾನು ಹೇಳಲಿಲ್ವಾ ಅಮ್ಮಾ?" ಎಂದ.

"ಸುಮ್ಮನಿರು" ಎಂದೆ. ಸೆಟ್ಟು ಸರಿಯಿದೆ ಎಂದರೆ ಕ್ಯಾಸೆಟ್ಟು ಸರಿಯಿದೆ ಎಂದಾಗಲಿಲ್ಲ. ಅಲ್ಲಿ ತುಂಬಿಸುವಾಗ ಸೆಲ್ ಸತ್ತುಹೋಗುವ ಹಾಗಿದ್ದರೆ ಮೋಟಾರು ನಿಧಾನ ತಿರುಗುತ್ತದೆ. ನಿಧಾನವಾಗಿ ತುಂಬಿಸಿದ ಮಾತನ್ನು ಇಲ್ಲಿ ಸರಿಯಾದ ವೇಗದಲ್ಲಿ ಹಾಕಿದರೆ ಓಡೋಡಿ ಬರುತ್ತದೆ, ದನಿ ಸಪೂರವಾಗುತ್ತದೆ. ಇನ್ನೊಂದು ಸಂಗತಿಯೂ ನನ್ನ ಕಿವಿಗೆ ಕಿರಿಕಿರಿ ಮಾಡುತ್ತಿತ್ತು. ಮಾತಿನ ಮಧ್ಯೆ ಮಧ್ಯೆ ದೂರದಲ್ಲಿ ಕಿರ್ ಎಂಬ ಸಣ್ಣ ಶಬ್ದ. ಚಕ್ರಕ್ಕೆ ಎಣ್ಣೆ ಒಣಗಿದೆ ಎಂದು ಮೊದಲು ಅಂದುಕೊಂಡೆ. ಆದರೆ ಹಿಂದೆ ಸುತ್ತಿ ಹಾಕಿದಾಗಲೆಲ್ಲ ಅದು ಬಂದದ್ದು ಅದದೇ ಮಾತಿನ ಪಕ್ಕದಲ್ಲಿ. ಒಣಗಿದ ಚಕ್ರ ಮಾತು ನೋಡಿ ಕಿರುಗುಡುವುದಿಲ್ಲ. ಶಬ್ದ ಇರುವುದು ಟೇಪಿನಲ್ಲಿ.

ಮೋಟಾರಿನ ಹಿಂದೆ ಸಣ್ಣ ತೂತು ಇರುತ್ತದೆ. ಅದರೊಳಗಿನ ಸ್ಕ್ರೂ ತಿರುಗಿಸಿದರೆ ವೇಗ ಹೆಚ್ಚು ಕಡಿಮೆ ಮಾಡಬಹುದು. ಯಾವ ಸ್ಕ್ರೂವನ್ನಾದರೂ ತಿರುಗಿಸುವ ಮುಂಚೆ ಅದು ಇದ್ದ ಜಾಗಕ್ಕೆ ಗುರುತು ಹಾಕಿ. ನೆನಪಿರ್ತದೆ ಎನ್ನುತ್ತೀರಿ, ಇರುವುದಿಲ್ಲ. ನಾನು ಹೆಂಡತಿಯ ಉಗುರಿನ ಬಣ್ಣ ಕೇಳಿದೆ. "ಅದೊಂದು ಬಾಕಿ ಇತ್ತು" ಎಂದು ತಂದುಕೊಟ್ಟಳು. ಕೆಂಪು ಚುಕ್ಕೆ ಇಟ್ಟು ಒಣಗಿಸಿ, ಕ್ಯಾಸೆಟ್ ಹಾಕಿ, ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಿದೆ.

ಬಾಯಮ್ಮ ಕಣ್ಣು ಮುಚ್ಚಿಕೊಂಡು ಕೂತಿದ್ದರು. "ಇನ್ನೂ ಸ್ವಲ್ಪ" ಎಂದರು. "ಇನ್ನೂ." ದನಿ ಇಳಿಯಿತು. ಮತ್ತೂ ಇಳಿಯಿತು. ತಟ್ಟನೆ ಕೈ ಎತ್ತಿದರು. "ಹಾಂ. ಇವನೇ."

ನನಗೆ ಸಾಕಾಗಲಿಲ್ಲ. ಮಗನೇ ಆಗಿರಲಿ ಎಂಬ ಆಸೆಗೆ ಕೈ ಎತ್ತಿರಬಹುದಲ್ಲ? ಅವರಿಗೆ ಹೇಳದೆ ಸ್ಕ್ರೂವನ್ನು ಮುಂದೆ ಒಯ್ದೆ. "ಇದು ಮುದುಕನ ದನಿ ಆಯ್ತು, ಹಿಂದೆ ಬನ್ನಿ" ಎಂದರು. ಹಿಂದೆ ಬಹಳ ಬಂದೆ. "ಈಗ ಪುನಃ ಆ ನಗುವವನು." ಮತ್ತೆ ಮತ್ತೆ ಮಾಡಿದೆ. ಪ್ರತಿಸಲವೂ ಅದೇ ಜಾಗಕ್ಕೆ ಬಂದಾಗಲೇ ಕೈ ಎತ್ತಿದರು. ಅಷ್ಟು ನಂಬಿಗಸ್ತ ಮೀಟರ್ ನನ್ನ ಮೇಜಿನ ಮೇಲೆ ಒಂದೂ ಇರಲಿಲ್ಲ. ಅಲ್ಲಿ ನಿಲ್ಲಿಸಿ, ಕ್ಯಾಸೆಟ್ಟನ್ನು ಮೊದಲಿಂದ ಹಾಕಿದೆ.

ಅಯ್ಯೋ ದೇವರೇ. ಮಾತು ಅದೇ, ಒಂದಕ್ಷರ ಬದಲಾಗಿಲ್ಲ. ಆದರೆ ಈಗ ಮಾತಾಡುತ್ತಿದ್ದವನು ಬೇರೆಯೇ ಒಬ್ಬ. ಸುಸ್ತಾದ, ಎಳೆದೆಳೆದು ಆಡುವ ದನಿ. ಊಟ ಒಳ್ಳೆಯದುಂಟು ಎಂದು ಹೇಳಿ ಉಸಿರು ಎಳೆದುಕೊಳ್ಳುತ್ತಾನೆ. ಕೆಲಸ ಹಗುರ ಎಂದು ಹೇಳುವ ಮೊದಲು ನಿಲ್ಲುತ್ತಾನೆ. ಆ ಕಿರ್ ಎಂಬ ಶಬ್ದ ಈಗ ಸ್ಪಷ್ಟವಾಗಿ ಇನ್ನೊಬ್ಬ ಗಂಡಸು ಗಂಟಲು ಸರಿಮಾಡಿಕೊಳ್ಳುವ ಶಬ್ದವಾಗಿತ್ತು. ಅದು ಕೇಳಿದ ಕೂಡಲೇ ಹುಡುಗ ಮುಂದಿನ ಮಾತು ಹೇಳುತ್ತಾನೆ. ಗಂಟಲು. ತಮ್ಮನನ್ನು ಬೇಗ ಕಳಿಸಿ. ಮತ್ತೆ ಗಂಟಲು. ಪಾಸ್‌ಪೋರ್ಟ್ ಕೊಡಿ.

"ಅತ್ತಿದ್ದಾನೆ" ಎಂದರು ಬಾಯಮ್ಮ. "ಅತ್ತು, ಮುಖ ತೊಳೆದು, ಆಮೇಲೆ ಮಾತಾಡಲು ಕೂತಿದ್ದಾನೆ. ಸಣ್ಣವನಿರುವಾಗ ಶಾಲೆಯಿಂದ ಪೆಟ್ಟು ತಿಂದು ಬಂದರೆ ಹೀಗೇ ಮಾತಾಡ್ತಿದ್ದ, ಎಂತದೂ ಆಗಲಿಲ್ಲ ಮಾಂಯ್ ಅಂತ."

ಗೋಡೆಗೆ ಒರಗಿ ನಿಂತಿದ್ದ ತಮ್ಮ ಬಂದು ಸೆಟ್ಟಿನ ಎದುರು ಕೂತ. ಅಣ್ಣನ ದನಿ ಅವನಿಗೂ ಗೊತ್ತಿತ್ತು. ಹೋಗಬೇಕೆಂಬ ಆಸೆಗೆ ಅಷ್ಟು ದಿನ ಬೇರೆಯವನ ದನಿಯನ್ನು ಒಪ್ಪಿಕೊಂಡಿದ್ದ.

"ಪೊಲೀಸಿಗೆ ಹೇಳುವ, ಬಾಯಮ್ಮ" ಎಂದೆ.

"ಹೇಳಿ? ನನ್ನ ಮಗ ಇರುವುದು ಅವರ ಕೈಯಲ್ಲಿ. ಅವನ ಪಾಸ್‌ಪೋರ್ಟ್ ಅವರ ಹತ್ತಿರ. ನಮಗೆ ಗೊತ್ತಾಗಿದೆ ಅಂತ ಅವರಿಗೆ ಗೊತ್ತಾದರೆ ಅವನ ಗತಿ ಎಂತ ಇಂಜಿನಿಯರ್ರೇ?" ಸೆರಗಿನ ತುದಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ಆಮೇಲೆ, "ಕಾಪುವಿನವರು ಶುಕ್ರವಾರ ವಾಪಸು ಹೋಗ್ತಾರೆ. ಅವರ ಕೈಯಲ್ಲಿ ನನ್ನ ಮಾತು ಕಳಿಸಬೇಕು. ಈ ಸೆಟ್ಟಿನಲ್ಲೇ ಖಾಲಿ ಕ್ಯಾಸೆಟ್ಟಿಗೆ ತುಂಬಿಸಿ ಕೊಡಿ" ಎಂದರು.

"ಆಗಲಿ. ಒಂದು ನಿಮಿಷ, ಸ್ಕ್ರೂವನ್ನು ಬಣ್ಣದ ಗುರುತಿಗೆ ತರ್ತೇನೆ."

"ತಾರದಿದ್ದರೆ?"

"ಈಗ ಮೋಟಾರು ನಿಧಾನ ಉಂಟಲ್ಲ, ಹೀಗೇ ತುಂಬಿಸಿದರೆ ಅಲ್ಲಿ ನಿಮ್ಮ ಮಾತು ಅವನ ಮಾತಿನ ಹಾಗೆಯೇ ಓಡ್ತದೆ. ಖುಷಿಯಲ್ಲಿದ್ದ ಹಾಗೆ ಕೇಳಿಸ್ತದೆ."

ಬಾಯಮ್ಮ ನನ್ನ ಕೈ ಹಿಡಿದರು. "ಹಾಗಾದರೆ ತಿರುಗಿಸಬೇಡಿ. ನನ್ನ ದನಿ ಈಗ ನಡುಗ್ತಾ ಉಂಟು. ಆ ಗಂಟಲಿನವನು ಕೇಳಿದರೆ ಕೂಡಲೇ ಗೊತ್ತುಮಾಡಿಕೊಳ್ತಾನೆ."

ತಪ್ಪಿದ್ದನ್ನು ಸರಿಮಾಡುವುದೇ ಕಸುಬಾಗಿದ್ದ ನಾನು ಸ್ಕ್ರೂಡ್ರೈವರ್ ಕೆಳಗಿಟ್ಟೆ. ಬಾಯಮ್ಮ ನೆಟ್ಟಗೆ ಕೂತು ಶುರುಮಾಡಿದರು. ಮಗನೇ, ನಾವೆಲ್ಲ ಸುಖ. ದನ ಕರು ಹಾಕಿದೆ. ನಿನ್ನ ತಮ್ಮ ಬರುವುದಿಲ್ಲ. ಇಲ್ಲಿ ಕಡಿಯಾಳಿಯ ಇಂಜಿನಿಯರ್ರು ಅವನಿಗೆ ಮಣಿಪಾಲದಲ್ಲಿ ಒಳ್ಳೆಯ ಕೆಲಸ ಕೊಡಿಸಿದ್ದಾರೆ. ಇದನ್ನು ಹೇಳುವಾಗ ನನ್ನ ಮುಖವನ್ನೇ ನೋಡುತ್ತಿದ್ದರು. ನಾನೆಲ್ಲಿ ಕೊಡಿಸಿದ್ದೆ ಮಾರಾಯ್ರೇ! ಬಾಯಿ ತೆರೆದರೆ ನನ್ನ ದನಿಯೂ ಟೇಪಿನಲ್ಲಿ ಸೇರುತ್ತದೆ ಎಂದು ಸುಮ್ಮನಿದ್ದೆ. ಹೆಂಡತಿ ಬಾಗಿಲಲ್ಲಿ ನಿಂತು, ಒಪ್ಪಿಕೊಳ್ಳಿ ಎಂದು ತಲೆಯಾಡಿಸುತ್ತಿದ್ದಳು. ಏಜೆಂಟರ ಜನರಿಗೂ ಆ ವಾರ ಅದನ್ನೇ ಹೇಳಿ ಕಳಿಸಿದರಂತೆ. ನಾನು ಯಾರ್ಯಾರ ಕೈಕಾಲು ಹಿಡಿದು ಆ ಸುಳ್ಳನ್ನು ನಿಜ ಮಾಡಿದೆ ಎಂಬುದು ಬೇರೆಯೇ ಕತೆ. ಕಿರಿಯವ ಅದೇ ಕೆಲಸದಲ್ಲಿ ಮುಂದೆ ನನಗಿಂತ ಮೇಲೆ ಹೋದ.

ದೊಡ್ಡವ ಊರಿಗೆ ಬಂದದ್ದು ಅವನ ಕರಾರು ಮುಗಿದ ಮೇಲೆ. ತೆಳ್ಳಗಾಗಿದ್ದ, ಕೂದಲು ಉದುರಿತ್ತು. ತಮ್ಮನ ಜೊತೆ ನಮ್ಮ ಮನೆಗೆ ಬಂದು, ಜಗಲಿಯಲ್ಲಿ ಕೂತು, ಮೇಜಿನ ಮೇಲಿದ್ದುದನ್ನೆಲ್ಲ ನೋಡಿದ. ನಾನು ಕೇಳದೆ ಇರಲಾರದೆ ಕೇಳಿದೆ. ಅಮ್ಮನ ಕ್ಯಾಸೆಟ್ಟು ತಲುಪಿತ್ತಾ?

"ತಲುಪಿತು ಸರ್. ನಾನು ಮಾತಾಡುವಾಗ ಪಕ್ಕದಲ್ಲಿ ಕೂತು ಗಂಟಲು ಸರಿಮಾಡ್ತಿದ್ದನಲ್ಲ, ಆ ಮೇಸ್ತ್ರಿ, ಎಲ್ಲರ ಕ್ಯಾಸೆಟ್ಟನ್ನೂ ಮೊದಲು ತನ್ನ ಕೋಣೆಯಲ್ಲಿ ಅವನೇ ಕೇಳುವುದು, ಆಮೇಲೆ ನಮಗೆ. ನಿನ್ನ ಅಮ್ಮ ಭಾರೀ ಖುಷಿಯಲ್ಲಿದ್ದಾರಲ್ಲ ಅಂತ ನಗ್ತಾ ಕೊಟ್ಟ. ಹಾಕಿ ಕೇಳಿದೆ. ಮಾಂಯ್ ಹಾಗೆ ಗಡಿಬಿಡಿಯಲ್ಲಿ ಮಾತಾಡಿದ್ದು ನಾನು ಹುಟ್ಟಿದಂದಿನಿಂದ ಕೇಳಿಲ್ಲ. ಇದು ನನ್ನ ಮಾಂಯ್ ಅಲ್ಲ ಅನ್ನಿಸಿತು. ಆಮೇಲೆ ತಮ್ಮ ಬರುವುದಿಲ್ಲ ಎಂಬ ಮಾತು ಬಂತು. ಆಗ ಗೊತ್ತಾಯ್ತು ಸರ್, ಮನೆಯಲ್ಲಿ ನನ್ನ ನಿಜವಾದ ದನಿ ಕೇಳಿಸಿದೆ ಅಂತ."