ಅಣ್ಣ ತರುತ್ತಿದ್ದ ಮೇವು

ಹೋದ ವರ್ಷ ದೀಪಾವಳಿ ಕಳೆದು ಎರಡು ವಾರವಾಗಿತ್ತು. ನಾನು ಸಾಕಿದ ಗಿನಿ ಪಿಗ್ ತೀರಿಕೊಂಡದ್ದು ಆಗ. ಅಷ್ಟು ಸಣ್ಣ ಪ್ರಾಣಿಯ ಬಗ್ಗೆ ಬರೆಯುವುದೇನಿದೆ ಎಂದು ಇಷ್ಟು ದಿನ ಸುಮ್ಮನಿದ್ದೆ.

ನಾನಿರುವುದು ಸೊಲ್ಲಾಪುರದ ವಿಜಾಪುರ ರಸ್ತೆಯ ಒಂದು ಓಣಿಯಲ್ಲಿ. ಯಜಮಾನರು ಹೋದ ಮೇಲೆ ಒಬ್ಬಳೇ. ಮಕ್ಕಳಿಲ್ಲ. ಕಾರ್ಖಾನೆಯಿಂದ ಟಾವೆಲ್ ತಂದು ಮನೆಯಲ್ಲೇ ಅಂಚು ಹೊಲಿದು ಕೊಡುತ್ತೇನೆ. ಕೆಳಗಿನ ಮನೆಯವರು ಪುಣೆಗೆ ಹೋಗುವಾಗ ತಮ್ಮ ಮಗಳ ಗಿನಿ ಪಿಗ್ ಮರಿಯನ್ನು ನನ್ನ ಬಳಿ ಬಿಟ್ಟರು. ಮನೆ ಸಿಕ್ಕ ಮೇಲೆ ಒಯ್ಯುತ್ತೇವೆ ಎಂದವರು ಮತ್ತೆ ಬರಲಿಲ್ಲ. ನಾನೂ ಫೋನ್ ಮಾಡಲಿಲ್ಲ. ಬಾಲವಿಲ್ಲದ ದಪ್ಪ ಇಲಿಯ ಹಾಗೆ ಅಂಗೈಯಷ್ಟಿದ್ದ ಅದಕ್ಕೆ ಬಾಳ್ಯಾ ಎಂದು ಹೆಸರಿಟ್ಟೆ. ಹೊಲಿಗೆ ಮಷೀನಿನ ಪಕ್ಕದಲ್ಲೇ ಅದರ ಪೆಟ್ಟಿಗೆ. ನಾನು ಎದ್ದು ಅಡುಗೆಮನೆ ಕಡೆ ಹೊರಟರೆ ಸಾಕು, ಶಿಳ್ಳೆ ಹಾಕಿದ ಹಾಗೆ ಕೂಗುತ್ತಿತ್ತು. ಮನೆಯೊಳಗೆ ನನ್ನನ್ನು ಕರೆಯುವ ಜೀವ ಅದೊಂದೇ.

ನನ್ನ ತವರು ಅಕ್ಕಲಕೋಟ ತಾಲ್ಲೂಕಿನ ಹನ್ನೂರ. ಅಣ್ಣ ಅಲ್ಲಿ ಹೊಲ ಮಾಡಿಕೊಂಡು ಕುರಿ ಸಾಕಿದ್ದಾನೆ. ಮಾತು ಕಡಿಮೆ. ಮೊದಲು ಪಂಚಮಿಗೆ, ದೀಪಾವಳಿಗೆ ಮಾತ್ರ ನಮ್ಮ ಭೇಟಿ. ಬಾಳ್ಯಾ ಸೊಪ್ಪು ತಿನ್ನುತ್ತದೆ ಎಂದು ತಿಳಿದ ಮೇಲೆ, ಗುರುವಾರ ಸ್ವಾಮಿಗಳ ದರ್ಶನಕ್ಕೆ ಅಕ್ಕಲಕೋಟಕ್ಕೆ ಬರುವಾಗ ಒಂದು ಚೀಲ ಕುದುರೆ ಮಸಾಲೆ ಮೇವು ಕೊಯ್ದು ತರತೊಡಗಿದ. ನಮ್ಮ ಕಡೆ ಅದಕ್ಕೆ ಘಾಸ ಎನ್ನುತ್ತಾರೆ. ಪ್ರೀತಿಯ ಟಗರಿಗೆ, ಹಾಲು ಕೊಡುವ ಎಮ್ಮೆಗೆ ಹಾಕುವ ಮೇವು. ನಾನು ಬಸ್ಸಿನಲ್ಲಿ ಹೋಗಿ ಸ್ಟ್ಯಾಂಡಿನಲ್ಲಿ ಅದನ್ನು ತೆಗೆದುಕೊಳ್ಳುತ್ತಿದ್ದೆ. ಇಬ್ಬರೂ ಚಹಾ ಕುಡಿಯುತ್ತಿದ್ದೆವು.

“ಏನಂತಾನ ನಮ್ಮ ಅಳಿಯಾ?” ಎಂದು ಕೇಳುತ್ತಿದ್ದ. “ಎಳೀ ಕುಡಿ ನೋಡಿ ಕೊಯ್ದೀನಿ. ಟಗರಿಗೂ ಹಾಕಿಲ್ಲ.”

ಮೂರು ವರ್ಷ ಒಂದು ಗುರುವಾರವನ್ನೂ ನಾವು ತಪ್ಪಿಸಲಿಲ್ಲ.

ಆ ದೀಪಾವಳಿಯ ನಂತರ ಬಾಳ್ಯಾ ತಿನ್ನುವುದನ್ನು ಬಿಟ್ಟಿತು. ಬೆನ್ನು ಗೂನು ಮಾಡಿಕೊಂಡು ಮೂಲೆಯಲ್ಲಿ ಕೂರುತ್ತಿತ್ತು. ಮೂತ್ರ ಮಾಡುವಾಗ ಸಣ್ಣಗೆ ಚೀರುತ್ತಿತ್ತು. ಹಾಸಿದ ಬಟ್ಟೆಯ ಮೇಲೆ ರಕ್ತ ಕಂಡಾಗ ಬುಟ್ಟಿಯಲ್ಲಿಟ್ಟುಕೊಂಡು ಪ್ರಾಣಿಗಳ ಡಾಕ್ಟರರ ಬಳಿ ಓಡಿದೆ. ಅವರು ಎಕ್ಸ್‌ರೇ ತೆಗೆದು ತೋರಿಸಿದರು. ಮೂತ್ರಚೀಲದಲ್ಲಿ ಅವರೆಕಾಳಿನಷ್ಟು ಕಲ್ಲು.

ಏನು ತಿನ್ನಿಸುತ್ತೀರಿ ಎಂದು ಕೇಳಿದರು. ಊರಿನಿಂದ ಅಣ್ಣ ತರುತ್ತಾನೆ, ಔಷಧ ಹೊಡೆಯದ ಘಾಸ, ದಿನಕ್ಕೆ ಎರಡು ಹೊತ್ತು ಎಂದು ಹೆಮ್ಮೆಯಿಂದಲೇ ಹೇಳಿದೆ. ಡಾಕ್ಟರ್ ಎಕ್ಸ್‌ರೇಯ ಮೇಲೆ ಬೆರಳಿಟ್ಟರು.

“ಮರಿ ಇದ್ದಾಗ ಚಲೋರಿ ಅಕ್ಕಾರ,” ಎಂದರು. “ದೊಡ್ಡದಾದ ಮ್ಯಾಲ ದಿನಾ ಹಾಕಬಾರದು. ಅದರಾಗ ಸುಣ್ಣದ ಅಂಶ ಜಾಸ್ತಿ ಇರ್ತದ. ಅದ ಇಲ್ಲಿ ಕಲ್ಲಾಗಿ ಕುಂತದ.”

ಆಪರೇಷನ್ ತಾಳುವ ಶಕ್ತಿ ಅದಕ್ಕೆ ಉಳಿದಿಲ್ಲ ಎಂದೂ ಹೇಳಿದರು. ನೋವಿಗೆ ಔಷಧ ಕೊಟ್ಟರು. ಮೂರು ದಿನ ಸೂಜಿಯಿಲ್ಲದ ಸಿರಿಂಜಿನಲ್ಲಿ ಔಷಧ, ನೀರು ಕುಡಿಸಿದೆ. ಬುಧವಾರ ಮಧ್ಯಾಹ್ನ ಒಂದು ಡಜನ್ ಟಾವೆಲ್ ಮುಗಿಸಿ ಮಷೀನ್ ನಿಲ್ಲಿಸಿ ನೋಡಿದರೆ ಬಾಳ್ಯಾ ಉಸಿರಾಡುತ್ತಿರಲಿಲ್ಲ. ಯಾವಾಗ ಹೋಯಿತೋ, ಮಷೀನಿನ ಸದ್ದಿನಲ್ಲಿ ನನಗೆ ತಿಳಿಯಲಿಲ್ಲ. ಒಂದು ಟಾವೆಲ್ಲಿನಲ್ಲಿ ಸುತ್ತಿ ಮನೆಯ ಹಿಂದಿನ ಖಾಲಿ ಜಾಗದಲ್ಲಿ ಹೂತೆ. ಪಕ್ಕದ ಮನೆಯಾಕೆ ಗ್ಯಾಲರಿಯಲ್ಲಿ ನಿಂತು ನೋಡುತ್ತಿದ್ದಳು.

“ಇಲಿ ಸತ್ರ ಸೂತಕಾನೂ ಹಿಡೀತೀರೇನ್ರಿ ವೈನಿ?” ಎಂದಳು. ನಗಿಸಲೆಂದೇ ಅಂದಿರಬಹುದು. ನಾನು ಕೈತೊಳೆದುಕೊಂಡು ಒಳಗೆ ಬಂದೆ.

ಮರುದಿನ ಗುರುವಾರ. ಅಕ್ಕಲಕೋಟಕ್ಕೆ ಹೋದೆ. ಅಣ್ಣ ಚೀಲ ಹಿಡಿದು ನಿಂತಿದ್ದ. ಬಾಳ್ಯಾ ಹೋಯಿತು ಎಂದೆ. ಅವನು ಚೀಲವನ್ನು ಕೆಳಗಿಟ್ಟ. ಆಮೇಲೆ ಕೇಳಿದ:

“ಉಚ್ಚಿ ಕಟ್ಟಿತ್ತೇನು? ಟಗರಿಗೂ ಒಮ್ಮೊಮ್ಮೆ ಹಂಗ ಆಗ್ತೈತಿ.”

“ಇಲ್ಲಣ್ಣಾ. ವಯಸ್ಸಾಗಿತ್ತು,” ಎಂದೆ.

ನಿಜ ಹೇಳಿದ್ದರೆ, ಮೂರು ವರ್ಷ ಎಳೆಯ ಕುಡಿ ಆರಿಸಿದ ತನ್ನ ಕೈಯನ್ನೇ ಅವನು ಬೈದುಕೊಳ್ಳುತ್ತಿದ್ದ. ಅವನಿಗೆ ನಾನು ಹೇಳಿದ ಮೊದಲ ಸುಳ್ಳು ಅದು. ಅವನು ಚೀಲವನ್ನು ಸ್ಟ್ಯಾಂಡಿನ ಹೊರಗೆ ನಿಂತಿದ್ದ ಆಕಳ ಮುಂದೆ ಸುರಿದ. ಚಹಾ ಕುಡಿದೆವು. ಮುಂದಿನ ಗುರುವಾರದ ಮಾತು ಇಬ್ಬರೂ ಎತ್ತಲಿಲ್ಲ.

ತಿಂಗಳ ನಂತರ ಅಣ್ಣನೇ ಫೋನ್ ಮಾಡಿದ. ಅವನಾಗಿ ಫೋನ್ ಮಾಡುವವನಲ್ಲ.

“ಇನ್ನೊಂದು ಅಂಥದ್ದ ತಂದು ಸಾಕವಾ. ಘಾಸ ಭಾಳ ಬೆಳದೈತಿ. ಗುರುವಾರ ತರ್ತೀನಿ.”

ಬೇಡ ಅಣ್ಣಾ, ಕೆಲಸ ಬಹಳ ಇದೆ ಎಂದುಬಿಟ್ಟೆ. ಬೇರೆ ಏನು ಹೇಳಲಿ? ಆ ಮೇವು ಹಾಕಬಾರದು ಎಂದರೆ ಏಕೆಂದು ಹೇಳಬೇಕಾಗುತ್ತಿತ್ತು. “ಆತು ಬಿಡವಾ,” ಎಂದು ಫೋನ್ ಇಟ್ಟ. ನಾನು ಅವನನ್ನೇ ಬೇಡ ಎಂದೆ ಅಂತ ತಿಳಿದುಕೊಂಡನೋ ಏನೋ. ಅದಾದ ಮೇಲೆ ಪಂಚಮಿಗೆ ಒಮ್ಮೆ ಮಾತ್ರ ಭೇಟಿಯಾಗಿದ್ದೇವೆ.

ಗುರುವಾರ ಬಂದರೆ ಈಗಲೂ ಮಷೀನಿನ ಮುಂದೆ ಕೂರಲಾಗುವುದಿಲ್ಲ. ನಾನು ಸೋದರಮಾವನ ಮನೆಯಲ್ಲಿದ್ದು ವಿಜಾಪುರ ಜಿಲ್ಲೆಯ ಇಂಡಿಯಲ್ಲಿ ಕನ್ನಡ ಶಾಲೆ ಕಲಿತವಳು. ಅಣ್ಣ ಹನ್ನೂರಿನಲ್ಲೇ ಮರಾಠಿ ಶಾಲೆಗೆ ಹೋದವನು; ಮನೆಯಲ್ಲಿ ಆಡುವುದು ಕನ್ನಡವಾದರೂ ಅವನಿಗೆ ಕನ್ನಡ ಅಕ್ಷರ ಬರುವುದಿಲ್ಲ. ಅದಕ್ಕೇ ಧೈರ್ಯ ಮಾಡಿ ಇದನ್ನು ಇಲ್ಲಿ ಬರೆದಿದ್ದೇನೆ.